ಲಿಸ್ಟಿಂಗ್‌ನಲ್ಲಿ ಬೆಲೆ ತಪ್ಪಿದೆ, ಆರ್ಡರ್ ಬಂದಾಗಿದೆ: ಮುಂದೇನು?

ಕಾಫಿಪುಡಿ ಪ್ಯಾಕೆಟ್ಟಿನ ಬೆಲೆ 420 ರೂ. ಎಂದು ಒತ್ತುವ ಕಡೆ 240 ಎಂದು ಒತ್ತಿದರೆ ಹೆಚ್ಚಿನ ತಂತ್ರಾಂಶಗಳು ‘ಇದು ಸರಿಯೇ?’ ಎಂದು ಕೇಳುವುದಿಲ್ಲ. ರಾತ್ರಿ ಹತ್ತಕ್ಕೆ ಬದಲಿಸಿದ ಬೆಲೆ ಬೆಳಗಾಗುವಷ್ಟರಲ್ಲಿ ಇಪ್ಪತ್ತಾರು ಆರ್ಡರ್ ತಂದಿರುತ್ತದೆ, ದುಡ್ಡೂ ಜಮಾ ಆಗಿರುತ್ತದೆ. ಸ್ವಂತ ವೆಬ್‌ಸೈಟ್, ವಾಟ್ಸಾಪ್ ಕ್ಯಾಟಲಾಗ್, ಇನ್‌ಸ್ಟಾಗ್ರಾಂ ಪುಟ, ಇಲ್ಲವೇ ಅಮೆಜಾನ್, ಫ್ಲಿಪ್‌ಕಾರ್ಟ್‌, ಮೀಶೋದಂಥ ತಾಣಗಳಲ್ಲಿ ಮಾರುವ ಸಣ್ಣ ವ್ಯಾಪಾರಿಗಳಿಗಾಗಿ ಈ ಬರಹ.

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ತಪ್ಪು ಗಿರಾಕಿಯ ಕಣ್ಣಿಗೆ ಕಾಣುವಂಥದ್ದಲ್ಲವೆಂದರೆ ಹಾಕಿದ ಬೆಲೆಗೇ ಮಾಲು ಕಳಿಸಿ. ಯಾರು ನೋಡಿದರೂ ತಪ್ಪೆಂದು ಗೊತ್ತಾಗುವಂತಿದ್ದರೆ ಅದೇ ದಿನ ರದ್ದು ಮಾಡಿ, ದುಡ್ಡು ಹಿಂದಿರುಗಿಸಿ. ಇವೆರಡರ ನಡುವೆ ನಾಲ್ಕು ದಿನ ಎಳೆದಾಡಿ ಕೊನೆಗೆ ರದ್ದು ಮಾಡುವವರೇ ಹೆಚ್ಚು ಕಳೆದುಕೊಳ್ಳುವುದು.

ಮೊದಲ ಅರ್ಧ ಗಂಟೆ

ಬೆಲೆ ತಿದ್ದಲು ಹೋಗಬೇಡಿ, ಮೊದಲು ಸ್ಟಾಕನ್ನು ಸೊನ್ನೆ ಮಾಡಿ. ತಿದ್ದಿದ ಬೆಲೆ ಎಲ್ಲರಿಗೂ ಕಾಣಲು ಕೆಲವು ನಿಮಿಷ ಹಿಡಿಯಬಹುದು. ತಪ್ಪಿಗೆ ಮೂಲ ಕೂಪನ್ ಆಗಿದ್ದರೆ ತಿದ್ದಿದ ಬೆಲೆಯ ಮೇಲೂ ಅದೇ ಕೂಪನ್ ಕೂತು ಮತ್ತೆ ಇಳಿಸುತ್ತದೆ. ಸ್ಟಾಕ್ ಸೊನ್ನೆಯಾದರೆ ಹೊಸ ಆರ್ಡರ್ ಬೀಳುವುದು ಅಲ್ಲಿಗೇ ನಿಲ್ಲುತ್ತದೆ.

ಸೊನ್ನೆ ಮಾಡುವ ಮುಂಚೆ ಒಂದೇ ಒಂದು ಕೆಲಸ: ಬೆಲೆ, ವಿವರಣೆ, ಫೋಟೋ, ಸಮಯ ಎಲ್ಲವೂ ಕಾಣುವಂತೆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಗಿರಾಕಿಯ ಬಳಿ ಹೇಗೂ ಒಂದು ಇರುತ್ತದೆ, ನಿಮ್ಮ ಬಳಿಯೂ ಇರಲಿ. ಆಮೇಲೆ ತಪ್ಪು ಬೆಲೆ ಜಾರಿಯಲ್ಲಿದ್ದ ಅವಧಿಯ ಆರ್ಡರ್ ಪಟ್ಟಿಯನ್ನು ಎಕ್ಸೆಲ್ ಆಗಿ ಇಳಿಸಿಕೊಳ್ಳಿ.

ತಪ್ಪು ಒಂದೇ ಕಡೆ ಇರುತ್ತದೆಂದು ನಂಬಬೇಡಿ. ಒಂದೇ ಎಕ್ಸೆಲ್‌ನಿಂದ ವೆಬ್‌ಸೈಟ್‌ಗೂ ವಾಟ್ಸಾಪ್‌ ಕ್ಯಾಟಲಾಗ್‌ಗೂ ಗೂಗಲ್ ಶಾಪಿಂಗ್‌ಗೂ ಬೆಲೆ ಹೋಗುವ ವ್ಯವಸ್ಥೆ ಇದ್ದರೆ ಮೂರೂ ಕಡೆ ನೋಡಬೇಕು. ಫೇಸ್‌ಬುಕ್ ಜಾಹೀರಾತಿನ ಚಿತ್ರದೊಳಗೆ ಬೆಲೆ ಬರೆದಿದ್ದರೆ ಅದನ್ನೂ ನಿಲ್ಲಿಸಿ. ಕಾಲು ಗಂಟೆ ಬಿಟ್ಟು, ಲಾಗಿನ್ ಆಗದ ಬೇರೊಂದು ಫೋನಿನಲ್ಲಿ ಪುಟ ತೆರೆದು ಪರೀಕ್ಷಿಸಿ. ನಿಮ್ಮ ಫೋನಿನಲ್ಲಿ ಸರಿಯಾಗಿ ಕಂಡರೆ ಸಾಲದು.

ಇನ್ನು ಪ್ಯಾಕಿಂಗ್ ಮೇಜು. ಅಲ್ಲಿ ಕೆಲಸ ನಿಲ್ಲಿಸಲು ಹೇಳಿ, ಆರ್ಡರ್‌ಗಳನ್ನು ಮೂರು ಗುಂಪು ಮಾಡಿ: ಇನ್ನೂ ಮುಟ್ಟದವು, ಲೇಬಲ್ ಅಂಟಿಸಿ ಕಟ್ಟಿಟ್ಟವು, ಕೊರಿಯರ್ ಕೈಸೇರಿದವು. ಮೂರನೇ ಗುಂಪು ಮಾರಾಟವಾದಂತೆಯೇ ಲೆಕ್ಕ. ದಾರಿಯಲ್ಲಿರುವ ಪಾರ್ಸೆಲನ್ನು ವಾಪಸ್ ಕರೆಸಿದರೆ ಹೋಗುವ ಬಾಡಿಗೆಯೂ ಬರುವ ಬಾಡಿಗೆಯೂ ನಿಮ್ಮ ತಲೆಗೆ. ಅದಕ್ಕಿಂತ ಕೆಟ್ಟದ್ದೆಂದರೆ, ನಿಮ್ಮ ಸಂದೇಶ ತಲುಪುವ ಮೊದಲೇ ಗಿರಾಕಿಗೆ ಟ್ರ್ಯಾಕಿಂಗ್‌ನಲ್ಲಿ ‘ರಿಟರ್ನ್’ ಎಂದು ಕಾಣುತ್ತದೆ. ಅಮೆಜಾನ್‌ನವರ ಗೋದಾಮಿನಲ್ಲಿ ಮಾಲಿಟ್ಟು ಅವರಿಂದಲೇ ಕಳಿಸುವ ವ್ಯವಸ್ಥೆ ನಿಮ್ಮದಾಗಿದ್ದರೆ ಬಂದ ಆರ್ಡರ್‌ಗಳೆಲ್ಲವನ್ನೂ ಈ ಗುಂಪಿಗೇ ಸೇರಿಸಿ. ಅಲ್ಲಿ ತಡೆಯಲು ನಿಮಗೆ ಸಮಯ ಸಿಗುವುದು ಅಪರೂಪ.

ಕ್ಯಾಶ್ ಆನ್ ಡೆಲಿವರಿಯ ವಿಷಯದಲ್ಲಿ ಒಂದು ಎಚ್ಚರಿಕೆ. ಗಿರಾಕಿಯನ್ನು ಕೇಳದೆ ಲೇಬಲ್ ಮೇಲಿನ ಮೊತ್ತವನ್ನು 240ರಿಂದ 420ಕ್ಕೆ ಏರಿಸಿ ಕಳಿಸುವವರಿದ್ದಾರೆ. ಬಾಗಿಲಲ್ಲಿ ಜಗಳವಾಗಿ ಪಾರ್ಸೆಲ್ ಹಿಂದಿರುಗುತ್ತದೆ, ಬಾಡಿಗೆ ಎರಡು ಸಲ ಬೀಳುತ್ತದೆ, ದೂರು ಬಂದರೆ ನಿಮ್ಮ ಪರವಾಗಿ ಹೇಳಲು ಏನೂ ಉಳಿಯುವುದಿಲ್ಲ.

ನಿಜವಾದ ಲುಕ್ಸಾನು ಎಷ್ಟು?

ಹೆಚ್ಚಿನವರು ಮಾಡುವ ಲೆಕ್ಕ: 420ರಲ್ಲಿ 240 ಕಳೆದರೆ 180, ಇಪ್ಪತ್ತಾರು ಪ್ಯಾಕೆಟ್ಟಿಗೆ 4,680 ರೂ. ಹೋಯಿತು. ಇದು ಸರಿಯಲ್ಲ. ಬರಬೇಕಿದ್ದ ಲಾಭ ಬರಲಿಲ್ಲ ಎನ್ನುವುದು ಬೇರೆ, ಕೈಯಿಂದ ದುಡ್ಡು ಹೋಗುವುದು ಬೇರೆ. ತೀರ್ಮಾನಕ್ಕೆ ಬೇಕಾದದ್ದು ಎರಡನೆಯದು.

ಅರ್ಧ ಕಿಲೋ ಕಾಫಿಪುಡಿಯ ಒಂದು ಪ್ಯಾಕೆಟ್ ತೆಗೆದುಕೊಳ್ಳಿ. ಜಿಎಸ್‌ಟಿ ಬಿಟ್ಟು ಪುಡಿಯ ಅಸಲು 290, ಚೀಲ ಮತ್ತು ಡಬ್ಬಿ 12, ಕೊರಿಯರ್ 60. ಗಿರಾಕಿಯ ಹಣವನ್ನು ನಿಮ್ಮ ಖಾತೆಗೆ ತಲುಪಿಸುವ ಪೇಮೆಂಟ್ ಗೇಟ್‌ವೇ ಶುಲ್ಕ ಶೇ. 2, ಅದರ ಮೇಲೆ ಶೇ. 18 ಜಿಎಸ್‌ಟಿ, ಅಂದರೆ 240ಕ್ಕೆ 5.66. ಒಟ್ಟು ಖರ್ಚು 367.66. ಗಿರಾಕಿ ಕೊಟ್ಟ 240ರಲ್ಲಿ ಶೇ. 5 ತೆರಿಗೆ ಸೇರಿದೆ, ಅದನ್ನು ತೆಗೆದರೆ ನಿಮಗೆ ಉಳಿಯುವುದು 228.57. ಅಲ್ಲಿಗೆ ಪ್ಯಾಕೆಟ್ಟಿಗೆ 139 ರೂಪಾಯಿ ಕೈಬಿಡುತ್ತದೆ, ಇಪ್ಪತ್ತಾರಕ್ಕೆ ಸುಮಾರು 3,616.

ಎಲ್ಲವನ್ನೂ ರದ್ದು ಮಾಡಿದರೂ ಸೊನ್ನೆಯಾಗುವುದಿಲ್ಲ. ಹಣ ವಾಪಸ್ ಮಾಡಿದಾಗ ಗೇಟ್‌ವೇಗಳು ತಮ್ಮ ಶುಲ್ಕವನ್ನು ಸಾಮಾನ್ಯವಾಗಿ ಹಿಂದಿರುಗಿಸುವುದಿಲ್ಲ, ಆ ಬಾಬ್ತು ಇಲ್ಲಿ 147 ರೂ. ಆದರೆ ಅದು ಸಣ್ಣ ಮೊತ್ತ. ಈ ಇಪ್ಪತ್ತಾರು ಮಂದಿಯನ್ನು ಜಾಹೀರಾತು ಕೊಟ್ಟು ಕರೆತರಲು ಎಷ್ಟು ಸುರಿಯುತ್ತಿದ್ದಿರಿ ಎಂದು ನೋಡಿ. ಕಾಫಿಪುಡಿ ತಿಂಗಳು ತಿಂಗಳು ಕೊಳ್ಳುವ ಮಾಲು. ಅವರಲ್ಲಿ ಕೆಲವರು ಉಳಿದುಕೊಂಡರೂ 3,616 ದುಬಾರಿಯಲ್ಲ. ವರ್ಷಕ್ಕೊಮ್ಮೆ ಮಾತ್ರ ಕೊಳ್ಳುವ ಮಾಲಾದರೆ ಈ ವಾದಕ್ಕೆ ಅಷ್ಟು ಬಲವಿಲ್ಲ.

ಮಾರುಕಟ್ಟೆ ತಾಣಗಳಲ್ಲಿ ಇನ್ನೊಂದು ಲೆಕ್ಕವಿದೆ. ಮಾಲು ಕಳಿಸುವ ಮೊದಲು ಮಾರಾಟಗಾರರೇ ರದ್ದು ಮಾಡುವ ಪ್ರಮಾಣ ಶೇ. 2.5ರೊಳಗೆ ಇರಬೇಕೆಂಬುದು ಅಮೆಜಾನ್‌ನ ಗುರಿ. ವಾರಕ್ಕೆ ಮುನ್ನೂರು ಆರ್ಡರ್ ಬರುವ ಖಾತೆಯಲ್ಲಿ ಇಪ್ಪತ್ತಾರು ರದ್ದಾದರೆ ಅದು ಶೇ. 8.7. ಖಾತೆಗೆ ತಡೆ ಬೀಳುವ ಅಪಾಯದ ಮುಂದೆ 139 ರೂಪಾಯಿಯ ಲೆಕ್ಕ ಬೇರೆಯಾಗಿಯೇ ಕಾಣುತ್ತದೆ. ಇದರಿಂದ ತಪ್ಪಿಸಿಕೊಳ್ಳಲು ‘ದಯವಿಟ್ಟು ನೀವೇ ಕ್ಯಾನ್ಸಲ್ ಒತ್ತಿ’ ಎಂದು ಗಿರಾಕಿಗೆ ಫೋನ್ ಮಾಡುವ ಚಾಳಿ ಇದೆ. ಮಾಡಬೇಡಿ. ಅದು ತಾಣದ ಕಣ್ಣಿಗೆ ಬಿದ್ದರೆ ರದ್ದಿಗಿಂತ ದೊಡ್ಡ ತಪ್ಪಾಗುತ್ತದೆ.

ಕಾಣುವ ತಪ್ಪು, ಕಾಣದ ತಪ್ಪು

ಕಾಫಿಪುಡಿ 240ಕ್ಕೆ ಸಿಗುತ್ತಿದೆ ಎಂದರೆ ಕೊಳ್ಳುವವರಿಗೆ ಆಫರ್ ಎಂದೇ ಅನ್ನಿಸುತ್ತದೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. 1,850 ರೂ.ಗಳ ಹಿತ್ತಾಳೆ ದೀಪ 18.50ಕ್ಕೆ ಕಂಡರೆ ಹಾಗಲ್ಲ. ನಡುವೆ ಬರುವವು ಕಷ್ಟದವು. ಅಂಥ ಕಡೆ ನಾವು ನೋಡುವುದು ಎರಡು: ದೀಪಾವಳಿ ಮಾರಾಟದಲ್ಲಿ ಇಂಥ ಮಾಲು ಈ ಬೆಲೆಗೆ ಇಳಿಯಬಹುದೇ? ಕೊಂಡವರು ಮನೆಗೆ ಬೇಕಾದಷ್ಟು ಕೊಂಡಿದ್ದಾರೆಯೇ, ಸಿಕ್ಕಿದ್ದನ್ನೆಲ್ಲ ಬಾಚಿದ್ದಾರೆಯೇ? ಮೊದಲನೆಯದಕ್ಕೆ ‘ಹೌದು’ ಎಂದಾದರೆ ಕೊಟ್ಟುಬಿಡಿ.

ಬಾಚಿದವರ ವಿಷಯದಲ್ಲಿ ಸಿಂಗಪುರದ ಒಂದು ಮೊಕದ್ದಮೆ ಹೆಸರುವಾಸಿ. 2003ರ ಜನವರಿಯಲ್ಲಿ 3,854 ಸಿಂಗಪುರ ಡಾಲರಿನ ಎಚ್‌ಪಿ ಲೇಸರ್ ಪ್ರಿಂಟರ್ ಡಿಜಿಲ್ಯಾಂಡ್‌ಮಾಲ್ ಎಂಬ ತಾಣದಲ್ಲಿ 66 ಡಾಲರಿಗೆ ಕಂಡಿತು. ಆರು ಜನ ಸೇರಿ 1,606 ಪ್ರಿಂಟರ್‌ಗಳಿಗೆ ಆರ್ಡರ್ ಹಾಕಿದರು. ಬೆಲೆ ತಪ್ಪೆಂದು ಗೊತ್ತಿದ್ದೇ ಕೊಂಡಿದ್ದಾರೆ ಎಂದು ಹೇಳಿ ನ್ಯಾಯಾಲಯ ಆ ಒಪ್ಪಂದಗಳನ್ನು ಅಸಿಂಧುವೆಂದಿತು. 2005ರಲ್ಲಿ ಮೇಲ್ಮನವಿಯಲ್ಲೂ ಅದೇ ಉಳಿಯಿತು. ಅತ್ತ ಅಮೆರಿಕದ 6ಪಿಎಂ ಎಂಬ ತಾಣ 2010ರ ಮೇ ತಿಂಗಳ ಒಂದು ರಾತ್ರಿ ಎಲ್ಲ ಮಾಲಿಗೂ ತಪ್ಪಾಗಿ 49.95 ಡಾಲರಿನ ಮಿತಿ ಬಿದ್ದಾಗ ಆರ್ಡರ್‌ಗಳನ್ನೆಲ್ಲ ಪೂರೈಸಿ 16 ಲಕ್ಷ ಡಾಲರ್ ಕಳೆದುಕೊಂಡಿತು. ದೊಡ್ಡವರ ದೊಡ್ಡತನ ಅದು. ಬಾಡಿಗೆ ಮಳಿಗೆಯಲ್ಲಿ ವ್ಯಾಪಾರ ಮಾಡುವವರು ಅದನ್ನು ಮಾದರಿಯಾಗಿ ಹಿಡಿಯಬೇಕಿಲ್ಲ.

ನಮ್ಮಲ್ಲಿ ಕಾನೂನು ಎಲ್ಲಿ ನಿಲ್ಲುತ್ತದೆ? 1872ರ ಭಾರತೀಯ ಒಪ್ಪಂದ ಕಾಯ್ದೆಯ 22ನೇ ಕಲಮಿನ ಪ್ರಕಾರ ಒಂದು ಪಕ್ಷದವರು ಮಾತ್ರ ವಾಸ್ತವಾಂಶದಲ್ಲಿ ತಪ್ಪು ತಿಳಿದಿದ್ದರು ಎಂಬ ಕಾರಣಕ್ಕೆ ಒಪ್ಪಂದ ಬಿದ್ದುಹೋಗುವುದಿಲ್ಲ. ಪುಟದಲ್ಲಿ ಬೆಲೆ ತೋರಿಸುವುದು ಕೊಳ್ಳಲು ಕೊಟ್ಟ ಆಹ್ವಾನವಷ್ಟೇ, ಆರ್ಡರ್ ಗಿರಾಕಿಯ ಪ್ರಸ್ತಾಪ. ನೀವು ಒಪ್ಪಿದಿರಿ ಎಂದಾಗುವುದು ಯಾವಾಗ ಎನ್ನುವುದೇ ಇಲ್ಲಿನ ಗಂಟು. ‘ನಿಮ್ಮ ಆರ್ಡರ್ ಖಚಿತವಾಗಿದೆ’ ಎಂಬ ತಾನೇ ತಾನಾಗಿ ಹೋಗುವ ಮಿಂಚಂಚೆ ಒಪ್ಪಿಗೆಯೆಂದು ಎಣಿಸಲ್ಪಡಬಹುದು. 2014ರ ಡಿಸೆಂಬರಿನಲ್ಲಿ 23,499 ರೂ.ಗಳ ಲ್ಯಾಪ್‌ಟಾಪ್ ಅಮೆಜಾನ್‌ನಲ್ಲಿ 190 ರೂ.ಗೆ ಕಂಡು, ಆರ್ಡರ್ ಖಚಿತಗೊಂಡ ಮೇಲೆ ರದ್ದಾಯಿತು. ಗಿರಾಕಿ ಬಿಡಲಿಲ್ಲ, ಒಡಿಶಾದ ರಾಜ್ಯ ಗ್ರಾಹಕ ಆಯೋಗ 2021ರಲ್ಲಿ ಪರಿಹಾರ ಕೊಡಲು ಆದೇಶಿಸಿತು. ಆದ್ದರಿಂದ ‘ಯಾರಿಗಾದರೂ ಗೊತ್ತಾಗುವ ತಪ್ಪು’ ಎಂಬ ವಾದ ಪೂರ್ತಿ ರಕ್ಷೆಯಲ್ಲ. ರದ್ದು ಮಾಡುವುದಾದರೆ ಗಂಟೆಗಳಲ್ಲಿ ಮಾಡಬೇಕು, ದಿನಗಳಲ್ಲಲ್ಲ.

ಇನ್ನೊಂದು ಅಪಾಯ ಅನೇಕರ ಗಮನಕ್ಕೆ ಬರುವುದಿಲ್ಲ. ‘ಬೆಲೆ ತಪ್ಪಾಗಿದೆ, ಅದರ ಬದಲು ಇದನ್ನು 650ಕ್ಕೆ ಕೊಡುತ್ತೇವೆ’ ಎಂದು ಬೇರೆ ಮಾಲು ತೋರಿಸುವುದು. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ 2023ರ ನವೆಂಬರಿನಲ್ಲಿ ಬಂದ ಡಾರ್ಕ್ ಪ್ಯಾಟರ್ನ್ (ಗಿರಾಕಿಯನ್ನು ದಾರಿ ತಪ್ಪಿಸುವ ತಂತ್ರ) ಮಾರ್ಗಸೂಚಿಗಳು ಪಟ್ಟಿ ಮಾಡಿದ ಹದಿಮೂರು ತಂತ್ರಗಳಲ್ಲಿ ಆಸೆ ತೋರಿಸಿ ಮಾಲು ಬದಲಿಸುವುದೂ ಒಂದು. ರದ್ದಿನ ಸಂದೇಶದಲ್ಲಿ ಬೇರೆ ಮಾಲಿನ ಸುದ್ದಿಯೇ ಬೇಡ.

ಒಬ್ಬರೇ ನಲವತ್ತು ಪ್ಯಾಕೆಟ್ ಹಾಕಿದ್ದರೆ? ಮನೆಗೆ ಎರಡರಂತೆ ಹಾಕಿದ ಬೆಲೆಗೇ ಕೊಟ್ಟು ಉಳಿದದ್ದರ ಹಣ ವಾಪಸ್ ಮಾಡುವುದು ನ್ಯಾಯವಾದ ನಡುದಾರಿ. ಆದರೆ ಮೊದಲ ಫೋನ್ ಕರೆಗೆ ಮುಂಚೆಯೇ ಈ ನಿಯಮವನ್ನು ಬರೆದಿಟ್ಟುಕೊಳ್ಳಿ, ಎಲ್ಲರಿಗೂ ಒಂದೇ ಇರಲಿ. ಜೋರು ಮಾಡಿದವರಿಗೆ ಒಂದು, ಸುಮ್ಮನಿದ್ದವರಿಗೆ ಇನ್ನೊಂದು ಎಂದಾದರೆ ಅದು ಎರಡು ದಿನದಲ್ಲಿ ಎಲ್ಲರಿಗೂ ಗೊತ್ತಾಗುತ್ತದೆ.

ಬೆಲೆ ಸರಿ, ವಿವರ ತಪ್ಪು

ಇಲ್ಲಿ ದುಡ್ಡಿನ ಲೆಕ್ಕಕ್ಕಿಂತ ಮಾತಿನ ಲೆಕ್ಕ ಮುಖ್ಯ. ಇಳಕಲ್ ಸೀರೆ ಮಾರುವವರು ಕಾಟನ್-ಸಿಲ್ಕ್ ಸೀರೆಯ ಪುಟವನ್ನು ಹಿಂದಿನ ಪುಟದಿಂದ ನಕಲು ಮಾಡುವಾಗ ‘ಪ್ಯೂರ್ ಸಿಲ್ಕ್’ ಹಾಗೇ ಉಳಿದುಬಿಡುತ್ತದೆ. ಹೀಗಾದಾಗ ಕೈಯಲ್ಲಿರುವ ಸೀರೆ ಕಳಿಸಿ ‘ನೋಡೋಣ, ಗೊತ್ತಾಗಲಿಕ್ಕಿಲ್ಲ’ ಎನ್ನುವುದು ವಂಚನೆ. ದಾರಿ ಎರಡೇ: ನೇಕಾರರಿಂದ ನಿಜವಾದ ರೇಷ್ಮೆ-ರೇಷ್ಮೆ ಸೀರೆ ತರಿಸಿ ಅದೇ ಬೆಲೆಗೆ ಕೊಡುವುದು, ಇಲ್ಲವೇ ತಿಳಿಸಿ ಪೂರ್ತಿ ಹಣ ವಾಪಸ್ ಮಾಡುವುದು. ‘ಈ ಸೀರೆಯೇ ಸಾಕು, ವ್ಯತ್ಯಾಸದ ಹಣ ಕೊಡಿ’ ಎಂದು ಗಿರಾಕಿ ತಾವಾಗಿ ಹೇಳಿದರೆ ಮಾತ್ರ ಮೂರನೆಯದು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಜಾಹೀರಾತಿನಲ್ಲಿ ಹೇಳಿದ ಗುಣ ಮಾಲಿನಲ್ಲಿ ಇಲ್ಲದಿದ್ದರೆ ಮಾರಾಟಗಾರರು ಹಿಂದಕ್ಕೆ ಪಡೆಯಲು ನಿರಾಕರಿಸುವಂತಿಲ್ಲ. ‘ನೋ ರಿಟರ್ನ್’ ಎಂಬ ಫಲಕ ಇಲ್ಲಿ ಕೆಲಸಕ್ಕೆ ಬಾರದು.

ರವಿಕೆ ಕಣದ ತಪ್ಪು ಹಗುರ. ಕಣ ಸೇರಿ ಸುಮಾರು 6.25 ಮೀಟರ್ ಎಂದು ಬರೆದು 5.5 ಮೀಟರಿನ ಸೀರೆ ಕಳಿಸಿದ್ದರೆ, ಹೊಂದುವ ಬಣ್ಣದ ಒಂದು ಮೀಟರ್ ಬಟ್ಟೆ ಬೇರೆಯಾಗಿ ಕಳಿಸಿ. ಸೀರೆ ವಾಪಸ್ ತರಿಸುವ ಬಾಡಿಗೆಗಿಂತ ಅದು ಅಗ್ಗ. ಎರಡರ ಸೆಟ್ ಎಂದು ಬರೆದು ಒಂದು ಕಳಿಸಿದ್ದರೂ ಹಾಗೆಯೇ: ಇನ್ನೊಂದನ್ನು ಹಿಂದೆಯೇ ಕಳಿಸಿ, ‘ಮೊದಲಿನದನ್ನು ವಾಪಸ್ ಮಾಡಿ’ ಎನ್ನಬೇಡಿ. ಫೋಟೋದಲ್ಲಿ ಎರಡು ಬಾಟಲಿ ಇದ್ದು ಬರಹದಲ್ಲಿ ಒಂದು ಎಂದಿದ್ದರೆ ಫೋಟೋವೇ ಗೆಲ್ಲುತ್ತದೆ ಎಂದುಕೊಳ್ಳಿ.

ಸಾಗಣೆ ವೆಚ್ಚ ಕಡಿಮೆ ತೋರಿಸಿದ್ದರೆ ಚೌಕಾಸಿ ಬೇಡ, ತೋರಿಸಿದ್ದಕ್ಕೇ ಕಳಿಸಿ. ಕೊರಿಯರ್‌ನವರು ಸಾಮಾನ್ಯವಾಗಿ ಗಾತ್ರವನ್ನು ಐದು ಸಾವಿರದಿಂದ ಭಾಗಿಸಿ ತೂಕ ಹಿಡಿಯುತ್ತಾರೆ: 40×30×30 ಸೆಂಟಿಮೀಟರಿನ ಪೆಟ್ಟಿಗೆ 7.2 ಕಿಲೋ ಆಗುತ್ತದೆ, ಒಳಗಿನ ದೀಪ ಮೂರೇ ಕಿಲೋ ಇದ್ದರೂ. ಗಿರಾಕಿಗೆ ಇದು ಹೇಗೆ ತಿಳಿಯಬೇಕು?

ಬೆಲೆ ಹೆಚ್ಚು ಬಿದ್ದಿದ್ದರೆ ಯಾರೂ ಕೇಳುವ ಮೊದಲೇ ವ್ಯತ್ಯಾಸ ಹಿಂದಿರುಗಿಸಿ. ಎಂಆರ್‌ಪಿಗಿಂತ ಮೇಲೆ ಮಾರಿದ್ದರೆ ಅದು ಕಾನೂನು ಮಾಪನಶಾಸ್ತ್ರದ (ತೂಕ-ಅಳತೆಯ) ನಿಯಮಗಳಡಿ ಅಪರಾಧವೂ ಹೌದು.

ಏನು ಬರೆಯಬೇಕು

ಹಾಕಿದ ಬೆಲೆಗೇ ಕೊಡುವುದಾದರೂ ಗಿರಾಕಿಗೆ ತಿಳಿಸಿ. ಇಲ್ಲದಿದ್ದರೆ ಮುಂದಿನ ತಿಂಗಳು 420 ನೋಡಿದಾಗ ‘ಬೆಲೆ ಏರಿಸಿದರು’ ಎಂದುಕೊಳ್ಳುತ್ತಾರೆ.

‘ನಮಸ್ಕಾರ ಮೇಡಂ. ನೀವು ನಿನ್ನೆ ತರಿಸಿದ ಅರ್ಧ ಕಿಲೋ ಕಾಫಿಪುಡಿಯ ಬೆಲೆ 420 ರೂ. ನಮ್ಮ ಪುಟದಲ್ಲಿ 240 ಎಂದು ತಪ್ಪಾಗಿ ಬಿದ್ದಿತ್ತು. ನಿಮಗೆ 240ಕ್ಕೇ ಕಳಿಸುತ್ತಿದ್ದೇವೆ, ಹೆಚ್ಚಿಗೆ ಏನೂ ಕೊಡಬೇಕಿಲ್ಲ. ಪಾರ್ಸೆಲ್ ಇವತ್ತು ಸಂಜೆ ಹೊರಡುತ್ತದೆ. ಮುಂದಿನ ಸಲ ಬೆಲೆ 420 ಇರುತ್ತದೆ.’

ಇಷ್ಟೇ ಸಾಕು. ಕೊನೆಗೆ ‘ಒಳ್ಳೆಯ ರಿವ್ಯೂ ಹಾಕಿ’ ಎಂದು ಸೇರಿಸಿದರೆ ಇಡೀ ಸಂದೇಶ ಲಂಚದಂತೆ ಕಾಣುತ್ತದೆ.

ರದ್ದಿನ ಸಂದೇಶ ಕಳಿಸುವ ಮೊದಲು ಹಣ ವಾಪಸ್ ಹಾಕಿರಿ, ಆಮೇಲೆ ಬರೆಯಿರಿ:

‘ನಮಸ್ಕಾರ ಸರ್. ನೀವು ತರಿಸಿದ ಹಿತ್ತಾಳೆ ದೀಪದ ಬೆಲೆ 1,850 ರೂ. ನಾವು ದಶಮಾಂಶ ತಪ್ಪಾಗಿ ಹಾಕಿದ್ದರಿಂದ 18.50 ಎಂದು ಕಂಡಿದೆ. ಆ ಬೆಲೆಗೆ ಕೊಡಲು ನಮ್ಮಿಂದಾಗದು, ಆರ್ಡರ್ ರದ್ದು ಮಾಡಿದ್ದೇವೆ. ನಿಮ್ಮ ಹಣ ಇಂದು ಬೆಳಗ್ಗೆ 9.40ಕ್ಕೆ ಅದೇ ಖಾತೆಗೆ ಹಾಕಿದ್ದೇವೆ, ಉಲ್ಲೇಖ ಸಂಖ್ಯೆ ಕೆಳಗಿದೆ. ತಪ್ಪು ನಮ್ಮದು, ಕ್ಷಮಿಸಿ.’

‘ಸ್ಟಾಕ್ ಇಲ್ಲ’ ಎಂಬ ಸುಳ್ಳು ಮಾತ್ರ ಬೇಡ. ಒಂದು ಗಂಟೆ ಬಿಟ್ಟು ಅದೇ ದೀಪ 1,850ಕ್ಕೆ ಪುಟದಲ್ಲಿ ಮೂಡುತ್ತದೆ, ಗಿರಾಕಿ ಎರಡೂ ಸ್ಕ್ರೀನ್‌ಶಾಟ್ ಪಕ್ಕಪಕ್ಕ ಇಟ್ಟು ಹಂಚುತ್ತಾರೆ. ‘ತಾಂತ್ರಿಕ ದೋಷ’ ಎಂಬುದೂ ಅಷ್ಟೇ ಹಳಸಲು ಮಾತು. ದೂರು ಬಂದರೆ 48 ಗಂಟೆಯೊಳಗೆ ಸ್ವೀಕೃತಿ ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು ಎಂದು ಇದೇ 2020ರ ನಿಯಮಗಳಲ್ಲಿದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಿಂದ ಪತ್ರ ಬಂದರೆ ನಿಮ್ಮ ಮೊದಲ ಸಂದೇಶವೇ ಉತ್ತರವಾಗುವಂತಿರಬೇಕು.

ಬಿಲ್ ಮತ್ತು ವಾಪಸ್ ಹಣ

ಬಿಲ್ 240ಕ್ಕೇ ಇರಲಿ. ಜಿಎಸ್‌ಟಿ ಸಾಮಾನ್ಯವಾಗಿ ಗಿರಾಕಿ ನಿಜವಾಗಿ ಕೊಟ್ಟ ಬೆಲೆಯ ಮೇಲೆ, 420ರ ಮೇಲಲ್ಲ. 420 ಹಾಕಿ 180 ರಿಯಾಯಿತಿ ಎಂದು ಬಿಲ್ಲಿನಲ್ಲೇ ಕಾಣಿಸಿದರೂ ಆದೀತು. ಬಿಲ್ ಆಗಿ ಆಮೇಲೆ ರದ್ದಾದರೆ ಆ ಸಂಖ್ಯೆಯನ್ನು ಅಳಿಸಬೇಡಿ, ಬಿಲ್ಲಿನ ಮೊತ್ತವನ್ನು ಇಳಿಸುವ ಕ್ರೆಡಿಟ್ ನೋಟ್ ಮಾಡಿ. ವ್ಯತ್ಯಾಸದ ಹಣ ಮಾತ್ರ ವಾಪಸ್ ಮಾಡಿದ್ದರೂ ಕ್ರೆಡಿಟ್ ನೋಟ್ ಬೇಕು. ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ದಾಟಿದರೆ ಅದರ ತೆರಿಗೆ ನಿಮಗೆ ಹಿಂದಿರುಗುವುದಿಲ್ಲ.

ಹಣ ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ‘ಈ ಬೇರೆ ನಂಬರಿಗೆ ಹಾಕಿ’ ಎಂದು ಫೋನಿನಲ್ಲಿ ಹೇಳಿದರೆ ಹಾಕಬೇಡಿ. ಒಂದೇ ಆರ್ಡರಿಗೆ ಎರಡು ಸಲ ಹಣ ಹೋಗುವುದು ಹೀಗೆಯೇ. ಯುಪಿಐ ಆದರೆ ಹನ್ನೆರಡು ಅಂಕಿಗಳ ಆರ್‌ಆರ್‌ಎನ್ ಸಂಖ್ಯೆ, ಕಾರ್ಡ್ ಆದರೆ ಎಆರ್‌ಎನ್ ಸಂಖ್ಯೆ ಕೊಡಿ (ಎರಡೂ ಆ ವಹಿವಾಟಿನ ಗುರುತಿನ ಸಂಖ್ಯೆಗಳು), ‘ಬಂದಿಲ್ಲ’ ಎನ್ನುವವರು ಅದನ್ನು ತಮ್ಮ ಬ್ಯಾಂಕಿಗೆ ತೋರಿಸಬಹುದು.

ಮುಂದಿನ ಸಲಕ್ಕೆ

ತಾಣದಲ್ಲಿ ಕನಿಷ್ಠ ಬೆಲೆ ತುಂಬುವ ಜಾಗವಿದ್ದರೆ ಖಾಲಿ ಬಿಡಬೇಡಿ, ನಿಮ್ಮ ಅಸಲನ್ನು ಹಾಕಿ. ಎಕ್ಸೆಲ್‌ನಲ್ಲಿ ಹಳೆಯ ಬೆಲೆಯ ಕಂಬದ ಪಕ್ಕದಲ್ಲೇ ಹೊಸ ಬೆಲೆ ಇಟ್ಟು, ಹೊಸದು ಹಳೆಯದರ ಶೇ. 80ಕ್ಕಿಂತ ಇಳಿದರೆ ಚೌಕ ಕೆಂಪಾಗುವಂತೆ ಮಾಡಿಕೊಳ್ಳಿ. 420 ತಿರುಗುಮುರುಗಾಗಿ 240 ಆದದ್ದು ಅಲ್ಲೇ ಸಿಕ್ಕಿಬೀಳುತ್ತಿತ್ತು. ನಡುವೆ ಒಂದು ಸಾಲು ಅಳಿಸಿ ಕೆಳಗಿನ ಬೆಲೆಗಳೆಲ್ಲ ಒಂದೊಂದು ಮೇಲೆ ಸರಿಯುವ ತಪ್ಪೂ ಸಾಮಾನ್ಯ, ಆದ್ದರಿಂದ ಬೆಲೆಯನ್ನು ಮಾಲಿನ ಸಂಕೇತದ ಜೊತೆ ಹೊಂದಿಸಿ ನೋಡದೆ ಅಪ್‌ಲೋಡ್ ಒತ್ತಬೇಡಿ. ಕೂಪನ್ ಬಿಡುಗಡೆ ಮಾಡಿದ ಕೂಡಲೇ ನೀವೇ ಗಿರಾಕಿಯಂತೆ ಹಣ ಕಟ್ಟುವ ಪುಟದವರೆಗೆ ಹೋಗಿ. ಎರಡು ಕೂಪನ್ ಒಟ್ಟಿಗೆ ಕೂರುತ್ತವೆಯೇ ಎಂಬುದು ಅಲ್ಲೇ ಗೊತ್ತಾಗುವುದು. ಎರಡು ತಾಣಗಳಲ್ಲಿ ಒಂದೇ ಮಾಲು ಇಟ್ಟಿದ್ದರೆ ಎರಡನ್ನು ಮೀಸಲಾಗಿ ತೆಗೆದಿಟ್ಟು ಸ್ಟಾಕ್ ತೋರಿಸಿ. ಒಂದು ಆರ್ಡರಿಗೆ ಗರಿಷ್ಠ ಸಂಖ್ಯೆ ಇಡಿ, ಐದು ಅಂದರೆ ಸಾಕು. ಬೆಲೆ ಬದಲಿಸುವುದು ಬೆಳಗಿನ ಕೆಲಸವಾಗಲಿ, ಮಲಗುವ ಮುಂಚಿನದಲ್ಲ.

ಸ್ವಂತ ವೆಬ್‌ಸೈಟ್ ಇದ್ದರೆ ಷರತ್ತುಗಳಲ್ಲಿ ಒಂದು ಸಾಲು ಸೇರಿಸಿ: ಮಾಲು ಕಳಿಸಿದ ಸಂದೇಶ ಹೋದಾಗಲೇ ಆರ್ಡರ್ ಒಪ್ಪಿದಂತೆ. ಅದಕ್ಕೆ ತಕ್ಕಂತೆ ತಾನೇ ಹೋಗುವ ಮಿಂಚಂಚೆಯಲ್ಲೂ ‘ಆರ್ಡರ್ ಖಚಿತವಾಗಿದೆ’ ಎಂಬುದನ್ನು ತೆಗೆದು ‘ಆರ್ಡರ್ ತಲುಪಿದೆ’ ಎಂದು ಮಾಡಿ. ಷರತ್ತು ಒಂದು ಹೇಳಿ ಮಿಂಚಂಚೆ ಇನ್ನೊಂದು ಹೇಳಿದರೆ ಓದುವವರು ನಂಬುವುದು ಮಿಂಚಂಚೆಯನ್ನೇ.

ಸ್ಕ್ರೀನ್‌ಶಾಟ್, ಆರ್ಡರ್ ಪಟ್ಟಿ, ಕಳಿಸಿದ ಸಂದೇಶಗಳು, ವಾಪಸ್ ಹಣದ ಸಂಖ್ಯೆಗಳು ಎಲ್ಲವನ್ನೂ ತಾರೀಖು ಬರೆದ ಒಂದೇ ಫೋಲ್ಡರಿನಲ್ಲಿ ಎರಡು ವರ್ಷ ಇಡಿ. ಗ್ರಾಹಕ ಆಯೋಗಕ್ಕೆ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಕೊಟ್ಟಿರುವ ಅವಧಿ ಅಷ್ಟು. ಬಿಲ್ ಮತ್ತು ಕ್ರೆಡಿಟ್ ನೋಟುಗಳನ್ನು ಜಿಎಸ್‌ಟಿಗಾಗಿ ಇನ್ನೂ ಹೆಚ್ಚು ಕಾಲ ಇಡಬೇಕಾಗುತ್ತದೆ, ಅವುಗಳ ಒಂದು ಪ್ರತಿ ಬೇರೆ ಇರಲಿ.